ಕಸ್ತೂರಿಯ ಐದು ಗುಂಡಿಗಳು

ಒಂದು ಊರು, ಆ ಊರಿಗೊಬ್ಬ ಶ್ರೀಮಂತ. ನಗಬೇಡಿ ತಾಯಂದಿರೇ, ಶ್ರೀಮಂತನೇ ಇಲ್ಲದ ಊರಿದ್ದರೆ ನಮ್ಮಂಥ ಪ್ರವಚನ ಹೇಳುವವರ ಗತಿ ಏನು? ಇವನದು ಬಟ್ಟೆ ಅಂಗಡಿ, ಮೂರು ಅಂತಸ್ತಿನದು. ಮನಸ್ಸು ದೊಡ್ಡದು, ಕೈ ಅದಕ್ಕಿಂತ ಚುರುಕು. ಎದುರಿಗೆ ಯಾರು ತಡವರಿಸಿದರೂ ಅವರ ಕೆಲಸ ಕಸಿದುಕೊಂಡು ತಾನೇ ಮುಗಿಸಿಬಿಡುವನು. ಗಿರಾಕಿ ಬಾಯಿ ತೆರೆಯುವಷ್ಟರಲ್ಲಿ ಧೋತರ ಕಟ್ಟಿ ಕೈಗಿಟ್ಟಿರುತ್ತಿದ್ದ. ಪಾಪ, ಗಿರಾಕಿ ಬಂದದ್ದು ಹೆಂಡತಿಯ ಸೀರೆಗೆ.

ಇಂಥವನ ಒಬ್ಬಳೇ ಮಗಳು ಪಿಯುಸಿ ಮುಗಿಸಿದವಳೇ, ತಾನು ವಿಶೇಷ ಮಕ್ಕಳಿಗೆ ಕಲಿಸುವ ಶಿಕ್ಷಕಿ ಆಗುತ್ತೇನೆ, ಅದಕ್ಕೆಂದೇ ನಾಲ್ಕು ವರ್ಷದ ಪದವಿ ಇದೆ ಎಂದಳು. ವಿಶೇಷ ಮಕ್ಕಳೆಂದರೆ ಗೊತ್ತಲ್ಲ? ಕಲಿಯುವ ದಾರಿ ಬೇರೆಯಾಗಿರುವ ಮಕ್ಕಳು. ನಮಗೆ ನಾಲ್ಕು ಸಲಕ್ಕೆ ಬಂದದ್ದು ಕೆಲವರಿಗೆ ನಾನೂರು ಸಲಕ್ಕೆ ಬರುತ್ತದೆ. ಆದರೆ ಬರುತ್ತದೆ. ನೋಡಿ, ಇಲ್ಲಿ ಮುಖ್ಯವಾದದ್ದು ನಾನೂರಲ್ಲ, ಬರುತ್ತದೆ ಎಂಬುದು.

ಮೂರನೆಯ ವರ್ಷ ಅವಳನ್ನು ಒಂದು ಶಾಲೆಗೆ ಪಾಠದ ಅಭ್ಯಾಸಕ್ಕೆ ಕಳಿಸಿದರು. ಮೊದಲ ದಿನ ಮಕ್ಕಳು ಆಟ ಮುಗಿಸಿ ಅಂಗಿ ಬದಲಿಸಬೇಕಿತ್ತು. ಅಪ್ಪನ ಮಗಳಲ್ಲವೇ? ಒಂಬತ್ತು ಮಕ್ಕಳ ಅಂಗಿಯ ಗುಂಡಿಗಳನ್ನು ಹತ್ತೇ ನಿಮಿಷದಲ್ಲಿ ಹಾಕಿ, ಮೆಚ್ಚುಗೆಗೆ ಕಾದು ನಿಂತಳು. ಅಭ್ಯಾಸ ನೋಡಲು ಬಂದಿದ್ದ ಕಾಲೇಜಿನ ಮೇಡಮ್ಮೋರು ಕನ್ನಡಕದ ಮೇಲಿಂದ ನೋಡಿದರು.

"ಛಲೋ ಆತವ್ವಾ. ಒಂಬತ್ತು ಮಕ್ಕಳ ಪಾಠ ನೀ ಒಬ್ಬಾಕೀನ ಕಲತಿ."

ಮರುದಿನ ಅದೇ ಮೇಡಮ್ಮೋರು ಪದವಿ ಓದುವ ಹುಡುಗಿಯರ ಕೈಗಳಿಗೆಲ್ಲ ದಪ್ಪ ಉಣ್ಣೆಯ ಕಾಲುಚೀಲ ತೊಡಿಸಿ, ಈಗ ಅಂಗಿಯ ಗುಂಡಿ ಹಾಕಿಕೊಳ್ಳಿ ಎಂದರಂತೆ. ಮಗುವಿನ ಬೆರಳಿನ ಕಷ್ಟ ತಮ್ಮ ಬೆರಳಿಗೆ ಗೊತ್ತಾಗಲಿ ಎಂದು. ಮಗಳು ಆ ಆಟವನ್ನು ಮನೆಗೇ ತಂದಳು. ಅಂಗಡಿಯಿಂದ ಒಂದು ಡಜನ್ ಕಾಲುಚೀಲ ತರಿಸಿದಳು. ಅವ್ವ, ಅತ್ತೆ, ಅಡುಗೆಯವಳು, ಅಂಗಡಿಯ ಮುನೀಮ, ಎಲ್ಲರ ಕೈಗೂ ಕಾಲುಚೀಲ! ಗುಂಡಿ ಒಂದು ದಿಕ್ಕು, ಕಾಜಾ ಒಂದು ದಿಕ್ಕು. ಮುನೀಮನ ಗುಂಡಿ ಅವನ ಅಂಗಿಗೆ ಸೇರುವ ಬದಲು ಧೋತರಕ್ಕೆ ಸೇರಿತು. ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಶ್ರೀಮಂತನೊಬ್ಬನೇ ಬೆವರುತ್ತಿದ್ದ. ಕಾಲು ಗಂಟೆ ಒದ್ದಾಡಿ, ಕಾಲುಚೀಲ ಕಿತ್ತೆಸೆದು, ಟಕಟಕ ಐದೂ ಗುಂಡಿ ಹಾಕಿಕೊಂಡು ಗುಡುಗಿದ.

"ನಿಮಿಷದ ಕೆಲಸ ಇದು. ಇದನ್ನ ಕಲಸಾಕ ನಾಕು ವರ್ಷ ಡಿಗ್ರಿ ಬೇಕೇನಬೇ?"

"ಗುಂಡಿ ಹಾಕಾಕ ಯಾವ ಡಿಗ್ರೀನೂ ಬ್ಯಾಡಪ್ಪಾ," ಎಂದಳು ಮಗಳು. "ಹಾಕದ ಸುಮ್ಮನ ಕುಂದ್ರಾಕ ಬೇಕು."

ಅಪ್ಪನಿಗೆ ಚುಚ್ಚಿತು. ಪಂಥ ಕಟ್ಟಿದ. ಶಾಲೆಯ ಒಂದು ಮಗುವಿಗೆ ಕಲಿಸಿ ಪರೀಕ್ಷಕರಿಗೆ ತೋರಿಸುವ ಪರೀಕ್ಷೆಯ ಪಾಠಕ್ಕೆ ತಾನೂ ಬರುತ್ತೇನೆ, ಆ ಮಗು ತಾನೇ ಐದೂ ಗುಂಡಿ ಹಾಕಿದರೆ ಸರಿ, ಹಾಕದಿದ್ದರೆ ಓದು ಸಾಕು, ಮರುದಿನದಿಂದ ಅಂಗಡಿ. ಮಗಳು ಒಪ್ಪಿದಳು. ಒಪ್ಪದಿದ್ದರೆ ಓದು ಅಂದೇ ನಿಲ್ಲುತ್ತಿತ್ತು.

ಇಲ್ಲಿಯವರೆಗೆ ನಾನು ಯಾರ ಹೆಸರನ್ನೂ ಹೇಳಿಲ್ಲ. ಶ್ರೀಮಂತನ ಹೆಸರು ಯಾರಿಗೆ ಬೇಕು? ಆದರೆ ಆ ಮಗುವಿನ ಹೆಸರು ನೆನಪಿಡಿ. ಕಸ್ತೂರಿ. ಹನ್ನೊಂದು ವರ್ಷ. ಹುಟ್ಟಿದಂದಿನಿಂದ ಅವಳ ಗುಂಡಿ ಹಾಕಿದ್ದು ಅವಳ ಅವ್ವ.

ಆ ವಿದ್ಯೆಯಲ್ಲಿ ಒಂದು ಪದ್ಧತಿ ಇದೆಯಂತೆ, ನೋಡಿ, ಎಷ್ಟು ಚಂದ. ಪಾಠವನ್ನು ಕೊನೆಯಿಂದ ಶುರು ಮಾಡುವುದು. ನಾಲ್ಕು ಗುಂಡಿ ಶಿಕ್ಷಕಿ ಹಾಕುತ್ತಾಳೆ, ಐದನೆಯದನ್ನು ಅರ್ಧ ತೂರಿಸಿ ಬಿಡುತ್ತಾಳೆ. ಮಗು ಎಳೆಯುತ್ತದೆ. ಕೆಲಸ ಮುಗಿಸಿದವರು ಯಾರು? ಕಸ್ತೂರಿ. ಆಮೇಲೆ ಕೊನೆಯ ಎರಡು ಗುಂಡಿ ಮಗುವಿಗೆ. ಮುಗಿಸಿದವರು ಯಾರು? ಕಸ್ತೂರಿ. ಆಮೇಲೆ ಮೂರು. ಪ್ರತಿದಿನ ಗೆಲ್ಲುವುದು ಅವಳೇ. ಗೆದ್ದಾಗಲೆಲ್ಲ ತನಗೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವಳು, ಇಡೀ ತರಗತಿ ಜೊತೆಗೂಡುವುದು. ನಡುವೆ ಬೇರೆಯವರ ಕೈ ಸೋಕಿದರೆ ಮಾತ್ರ ಆ ಸಲದ್ದು ಲೆಕ್ಕಕ್ಕಿಲ್ಲ.

ಪರೀಕ್ಷೆಯ ದಿನ ಬಂತು. ಮುಂದೆ ಪರೀಕ್ಷಕರು, ಹಿಂದಿನ ಬೆಂಚಿನಲ್ಲಿ ಶ್ರೀಮಂತ. ಕಸ್ತೂರಿ ನಾಲಿಗೆ ಹೊರಚಾಚಿ ಶುರು ಮಾಡಿದಳು. ಒಂದು. ಎರಡು. ಮೂರು. ನಾಲ್ಕು. ಐದನೆಯದು ಜಾರಿತು. ಮತ್ತೆ ಜಾರಿತು. ಶ್ರೀಮಂತ ತನ್ನೆರಡು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತ. ಮತ್ತೆ ಜಾರಿತು. ನಿಮ್ಮ ಕೈಯೂ ತುರಿಸುತ್ತಿದೆ, ಅಲ್ಲವೇ? ನಿಜ ಹೇಳಿ.

ತಡೆಯಲಾಗಲಿಲ್ಲ ಅವನಿಗೆ. ಎದ್ದು ಬಂದು, ಕೊಡವ್ವಾ ಇಲ್ಲೆ ಎನ್ನುತ್ತ ಟಕ್ಕನೆ ಹಾಕಿಯೇಬಿಟ್ಟ.

ಪರೀಕ್ಷಕರ ಪೆನ್ನು ನಿಂತಿತು. ಮೂರು ವರ್ಷದ ಓದು ಅಪ್ಪನ ಎರಡು ಬೆರಳಿನಲ್ಲಿ ಹೋಯಿತು ಎಂದು ಮಗಳ ಕಣ್ಣು ತುಂಬಿತು. ಆದರೂ ಅವಳು ಅಲುಗಲಿಲ್ಲ, ಬಾಯಿ ಬಿಡಲಿಲ್ಲ.

ಕಸ್ತೂರಿ ಗುಂಡಿಯನ್ನು ನೋಡಿದಳು. ಆ ದೊಡ್ಡ ಮನುಷ್ಯನನ್ನು ನೋಡಿದಳು. ಅವನು ಹಾಕಿದ ಗುಂಡಿಯನ್ನು ಬಿಚ್ಚಿದಳು. ಅಷ್ಟಕ್ಕೇ ಬಿಟ್ಟಳೇ? ಇಲ್ಲ, ಐದನ್ನೂ ಬಿಚ್ಚಿದಳು.

"ನೀ ಕುಂದ್ರು," ಎಂದಳು.

ಊರೇ ಎದ್ದು ನಿಲ್ಲುವಂಥ ಶ್ರೀಮಂತ, ಇದ್ದಲ್ಲಿಯೇ ನೆಲದ ಮೇಲೆ ಕುಳಿತ. ಒಂದು. ಎರಡು. ಮೂರು. ನಾಲ್ಕು. ಐದನೆಯದು ಮತ್ತೆ ಜಾರಿತು. ಅವನು ಉಸಿರು ಬಿಗಿಹಿಡಿದ. ಜಾರಿತು. ಜಾರಿತು. ತೂರಿತು! ಕಸ್ತೂರಿ ಚಪ್ಪಾಳೆ ತಟ್ಟಿದಳು, ತರಗತಿ ತಟ್ಟಿತು, ಪರೀಕ್ಷಕರು ಪೆನ್ನು ಕೆಳಗಿಟ್ಟು ತಟ್ಟಿದರು. ಶ್ರೀಮಂತ ಅಳುತ್ತ ನಗುತ್ತ ಎಲ್ಲರಿಗಿಂತ ಜೋರಾಗಿ ತಟ್ಟಿದ. ಈ ಮಗುವಿಗೆ ನೀವೇನು ಮಾಡಿದಿರಿ ಎಂದು ಪರೀಕ್ಷಕರು ಅವನನ್ನು ಕುಶಾಲಿಗೆ ಕೇಳಿದರು.

"ಏನೂ ಮಾಡಲಿಲ್ಲರೀ," ಎಂದ. "ಹುಟ್ಟಿದ ಮ್ಯಾಲೆ ಇದ ಮೊದಲನೇ ಸಲ."

ಆ ನಗು ಸಾಕು, ಈಗ ನಿಮ್ಮ ಸರದಿ. ಎಂಟು ವರ್ಷದ ಮಗನಿಗೆ ತುತ್ತು ತಿನ್ನಿಸುವ ತಾಯಿ ಇಲ್ಲಿ ಎಷ್ಟು ಜನ ಇದ್ದೀರಿ? ಹೆಂಡತಿಯ ಮಾತನ್ನು ಅರ್ಧಕ್ಕೇ ಹಿಡಿದು ತಾವೇ ಮುಗಿಸುವ ಗಂಡಂದಿರು? ಪಕ್ಕದ ಮನೆಯ ನಿಧಾನದ ಮಗುವನ್ನು ಅಯ್ಯೋ ಪಾಪ ಎಂದು ಎತ್ತಿಕೊಂಡೇ ತಿರುಗುವವರು? ಅದು ಪ್ರೀತಿ ಹೌದು. ಆದರೆ ಅವಸರದ ಪ್ರೀತಿ ಮಗುವಿನ ಗೆಲುವನ್ನು ಕದಿಯುತ್ತದೆ.

ನಾನೇನು ಸಾಚಾನೇ? ನಮ್ಮ ಮಠದ ಅಡುಗೆಯಾತನಿಗೆ ಮಾತು ತಡೆದು ತಡೆದು ಬರುತ್ತದೆ. ಹನ್ನೆರಡು ವರ್ಷ ಅವನ ಮಾತನ್ನೆಲ್ಲ ನಾನೇ ಮುಗಿಸಿದೆ. ಹೋದ ವಾರ ಬಾಯಿ ಮುಚ್ಚಿ ಕಾದೆ. ಆತ ಹೇಳಬೇಕೆಂದಿದ್ದುದು ಇಷ್ಟೇ: "ಅಜ್ಜಾರ, ಪ್ರವಚನ ಸ್ವಲ್ಪ ಗಿಡ್ಡ ಮಾಡ್ರಿ, ಅನ್ನ ಆರತೈತಿ."

ಅದಕ್ಕೇ ನಿಲ್ಲಿಸುತ್ತಿದ್ದೇನೆ. ಇವತ್ತಿನ ಪ್ರಸಾದದಿಂದಲೇ ಶುರು ಮಾಡಿ. ನಿಮ್ಮ ಮಗು, ಅದು ಎಷ್ಟೇ ನಿಧಾನದ್ದಾಗಲಿ, ತಾನೇ ಕಲಸಿ ಉಣ್ಣಲಿ. ಸಾರು ಚೆಲ್ಲುತ್ತದೆ, ಚೆಲ್ಲಲಿ. ಒರೆಸುವ ಬಟ್ಟೆಯನ್ನೂ ಅದರ ಕೈಗೇ ಕೊಟ್ಟು, ನೀವು ನಿಮ್ಮ ಎಲೆ ನೋಡಿಕೊಂಡು ಉಣ್ಣಿ.