ಅಂದಾನಿಯವರ ವಯಸ್ಸಿನ ತಿದ್ದುಪಡಿ

ಹೆಸರು ಮಾನಸ, ತಂದೆಯ ಹೆಸರು ಅಂದಾನಿ, ವಯಸ್ಸು 34, ತಾಂಬರಂನ ಒಂದು ಡೇಟಾ ಎಂಟ್ರಿ ಕಚೇರಿಯಲ್ಲಿ ತಪಾಸಣೆ ಕೆಲಸ, ವಾಸ ಪೆರಂಬೂರು, ಚೆನ್ನೈ. ಸ್ವಂತ ಊರು ನಂಜನಗೂಡು. ನನಗೆ ತಮಿಳು ಬರೆಯಲು ಬಾರದ್ದರಿಂದ ಹೊಸೂರಿನವರಾದ ಹೆಡ್ ಕಾನ್‌ಸ್ಟೆಬಲ್ ಬೃಂದಾ ಅವರು ಕನ್ನಡದಲ್ಲಿ ಬರೆದುಕೊಳ್ಳುತ್ತಿರುವ ಈ ಹೇಳಿಕೆಯ ಮೂಲಕ ತಿಳಿಸುವುದೇನೆಂದರೆ:

ನಮ್ಮ ತಂದೆ ಕಾಣೆಯಾಗಿದ್ದಾರೆಂದು ಇಂದು ಮಧ್ಯಾಹ್ನ 1.15ಕ್ಕೆ ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಅದರಲ್ಲಿ ಒಂದು ಸುಳ್ಳು ಇದೆ.

ತಂದೆ ಊರಿನ ಹತ್ತಿರದ ನೂಲಿನ ಗಿರಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತರಾಗಿದ್ದರು. ಗಿರಣಿ ಮುಚ್ಚಿತು, ತಾಯಿ ತೀರಿಕೊಂಡರು, ಅವರನ್ನು ಇಲ್ಲಿಗೆ ಕರೆತಂದೆ. ಎರಡು ವರ್ಷದ ಹಿಂದೆ ನಮ್ಮ ಕಚೇರಿಗೆ ಹಳೆಯ ಇಂಗ್ಲಿಷ್ ಕೈಬರಹ ಓದಬಲ್ಲವರು ಬೇಕಾದರು. ಇಂಗ್ಲೆಂಡಿನ ಒಂದು ಬಟ್ಟೆ ಗಿರಣಿಗಳ ಊರಿನಲ್ಲಿ ನೂರೈವತ್ತು ವರ್ಷಕ್ಕೂ ಹಿಂದೆ ನಡೆದ ಜನಗಣತಿಯ ಹಾಳೆಗಳನ್ನು ನೋಡಿ, ಗಂಡಸರ ಹೆಸರು, ವಯಸ್ಸು, ಕಸುಬು ಟೈಪ್ ಮಾಡುವ ಕೆಲಸ. ಒಂದೇ ಹಾಳೆಯನ್ನು ಇಬ್ಬರು ಬೇರೆ ಬೇರೆಯಾಗಿ ಟೈಪ್ ಮಾಡುತ್ತಾರೆ. ತಾಳೆಯಾಗದ್ದು ನನ್ನ ಬಳಿ ಬರುತ್ತದೆ. ಕಂಡದ್ದನ್ನೇ ಟೈಪ್ ಮಾಡಬೇಕು, ತಿದ್ದಬಾರದು ಎಂಬುದು ನಿಯಮ.

ಐವತ್ತೈದು ದಾಟಿದವರನ್ನು ಕಚೇರಿ ತೆಗೆದುಕೊಳ್ಳುವುದಿಲ್ಲ. ತಂದೆಗೆ ಆಗ 61. ಅರ್ಜಿಯಲ್ಲಿ 52 ಎಂದು ನಾನೇ ತುಂಬಿದೆ. ದಾಖಲೆ ಯಾರೂ ಕೇಳಲಿಲ್ಲ, ಕೆಲಸ ಸಿಕ್ಕಿತು. ಅಲ್ಲಿಂದ ಪ್ರತಿ ಭಾನುವಾರ ಅವರ ತಲೆಗೆ ನಾನೇ ಬಣ್ಣ ಹಚ್ಚುತ್ತಿದ್ದೆ. ಹಾಳೆಗಳಲ್ಲಿ ನೂಲುವವರು, ನೇಯುವವರು, ಹತ್ತಿ ಹಿಂಜುವವರು ಸಾಲುಸಾಲಾಗಿ ಬಂದರೆ ತಂದೆಗೆ ಖುಷಿ. ಎಲ್ಲ ನಮ್ಮ ಗಿರಣಿಯವರೇ ಎನ್ನುತ್ತಿದ್ದರು.

ಕಳೆದ ಶುಕ್ರವಾರ, 7ನೇ ತಾರೀಕು, ಬೆಳಗ್ಗೆ 11.20ಕ್ಕೆ ಒಬ್ಬ ನೇಕಾರನ ವಯಸ್ಸು ತಾಳೆಯಾಗಲಿಲ್ಲ. ಸಹೋದ್ಯೋಗಿ ಅಭಿಲಾಷ್ 53 ಎಂದೂ ತಂದೆ 58 ಎಂದೂ ಟೈಪ್ ಮಾಡಿದ್ದರು. ಹಾಳೆಯಲ್ಲಿದ್ದದ್ದು 53. ತಂದೆಯ ಮೇಜಿಗೆ ಹೋಗಿ ಕೇಳಿದೆ. ಅದಕ್ಕೂ ಹತ್ತು ವರ್ಷ ಮೊದಲಿನ ಗಣತಿಯಲ್ಲಿ ಅದೇ ಮನುಷ್ಯನ ವಯಸ್ಸು 48 ಎಂದಿದ್ದುದನ್ನು ತೋರಿಸಿ, "ಹತ್ ವರ್ಸಕ್ಕೆ ಐದೇ ವರ್ಸ ತುಂಬದೆ ನೋಡವ್ವ. ಕೆಲ್ಸ ಹೋಯ್ತದೆ ಅಂತ ಸುಳ್ ಹೇಳವ್ನೆ, ಪಾಪ" ಎಂದರು. ವಯಸ್ಸು ತಿದ್ದುವುದು ನಮ್ಮ ಕೆಲಸವಲ್ಲ ಎಂದು ಹನ್ನೊಂದು ಜನರ ಎದುರಿಗೆ ಗದರಿದೆ. ಅವರು ನನ್ನ ಮುಖ ನೋಡಿ, 53 ಮಾಡಿದರು. ಆ ಮಾತು ಆಡಲು ನನಗೆ ಯಾವ ಬಾಯಿತ್ತೋ ತಿಳಿಯದು.

ಅಂದೇ ಸಂಜೆ 4.30ಕ್ಕೆ, ಎಲ್ಲರೂ ಸೋಮವಾರ ವಯಸ್ಸಿನ ದಾಖಲೆ ತರಬೇಕೆಂದು ಕಚೇರಿಯಿಂದ ಮೇಲ್ ಬಂತು. ಭಾನುವಾರ ಬಣ್ಣ ಕಲಸಿಕೊಂಡು ಹೋದರೆ, ಸಾಕು ಬುಡವ್ವ ಎಂದರು. ಮ್ಯಾನೇಜರಿಗೆ ನಿಜವಾದ ವಯಸ್ಸು ತಾವೇ ಹೇಳುವುದಾಗಿಯೂ, ಕೇಳಿದರೆ ನನಗೇನೂ ಗೊತ್ತಿಲ್ಲವೆಂದು ನಾನು ಹೇಳಬೇಕೆಂದೂ ತಿಳಿಸಿದರು. ನಾನು ಬೇಡ ಎನ್ನಲಿಲ್ಲ.

ಇಂದು ಬೆಳಗ್ಗೆ 7.40ಕ್ಕೆ ಪೆರಂಬೂರು ಸ್ಟೇಷನ್ನಿನಲ್ಲಿ, ಇವತ್ತು ಜೊತೆಯಲ್ಲಿ ಹೋಗುವುದು ಬೇಡ, ಮುಂದಿನ ರೈಲಿಗೆ ಬರುತ್ತೇನೆ ಎಂದರು. ಕೈಚೀಲದಲ್ಲಿ ಅವರ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇತ್ತು. ನಾನು ಹೊರಟೆ. 9.30 ಆದರೂ ಅವರು ಕಚೇರಿಗೆ ಬರಲಿಲ್ಲ. ಫೋನ್ ಸ್ವಿಚ್ ಆಫ್. ಅಭಿಲಾಷ್ ಜೊತೆ 12.30ರವರೆಗೆ ಸ್ಟೇಷನ್ನುಗಳಲ್ಲಿ ಹುಡುಕಿದೆ. ಇಲ್ಲಿ ದೂರು ಕೊಡುವಾಗಲೂ ಕಚೇರಿಯ ಲೆಕ್ಕದಂತೆ ತಂದೆಯ ವಯಸ್ಸು 54 ಎಂದೇ ಹೇಳಿದೆ.

ಮಧ್ಯಾಹ್ನ 2.40ಕ್ಕೆ ಸಬ್ ಇನ್‌ಸ್ಪೆಕ್ಟರ್ ಅವರು ಇಂದು ಆಸ್ಪತ್ರೆಗೆ ಸೇರಿದ ಗುರುತು ಸಿಗದವರ ಪಟ್ಟಿ ಓದಿದರು. ಬೆಳಗ್ಗೆ 8.25ಕ್ಕೆ, ನಾವು ತಾಂಬರಂ ರೈಲು ಹಿಡಿಯುವ ಪಾರ್ಕ್ ಸ್ಟೇಷನ್ ಮೆಟ್ಟಿಲ ಮೇಲೆ ಕುಸಿದ ಒಬ್ಬರು ಸರ್ಕಾರಿ ಆಸ್ಪತ್ರೆಯಲ್ಲಿದ್ದಾರೆ, ಗೀರಿನ ಅಂಗಿ, ಕೈಚೀಲವಿಲ್ಲ, ಪ್ರಜ್ಞೆಯಿಲ್ಲ, ಅರವತ್ತು ದಾಟಿದೆ, ತಲೆಗೆ ಬಣ್ಣ, ಬುಡದಲ್ಲಿ ಬಿಳಿ. ಇವರು ಮುದುಕರು, ನಿಮ್ಮಪ್ಪನಿಗೆ ಐವತ್ನಾಲ್ಕಲ್ಲವೇ ಎಂದು ಹೇಳಿ ಪುಟ ತಿರುವಿದರು.

ನಾನು ಗೋಡೆ ಗಡಿಯಾರ ನೋಡುತ್ತ ಮೂರು ನಿಮಿಷ ಸುಮ್ಮನಿದ್ದೆ. ಆ ಮೂರು ನಿಮಿಷ ಯೋಚಿಸಿದ್ದು ನನ್ನ ಕೆಲಸದ ಬಗ್ಗೆ. ಇದನ್ನೂ ಬರೆದುಕೊಳ್ಳಿ ಎಂದು ಬೃಂದಾ ಅವರನ್ನು ಕೇಳಿಕೊಂಡಿದ್ದೇನೆ.

ನಮ್ಮ ತಂದೆಗೆ ಈಗ 63. ಕಚೇರಿಯ ಅರ್ಜಿಯಲ್ಲಿ ಸುಳ್ಳು ಬರೆದದ್ದು ನಾನು, ಅವರದು ಸಹಿ ಮಾತ್ರ. ನನ್ನನ್ನು ಕೂಡಲೇ ಆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಪೆರಂಬೂರು, ಚೆನ್ನೈ
ದಿನಾಂಕ: 10-11-2025, ಮಧ್ಯಾಹ್ನ 3.05
ಸಹಿ: ಮಾನಸ

ಮೊದಲ ದೂರಿನಲ್ಲಿ 54 ಎಂಬುದನ್ನು ಹೊಡೆದುಹಾಕಿ 63 ಎಂದು ತಿದ್ದಿದವಳು ನಾನೇ.
ಸಹಿ: ಮಾನಸ, ಅಂದಾನಿಯವರ ಮಗಳು