ಗಾಜಿನ ಪೆಟ್ಟಿಗೆಯ ಹೆಸರು

ಮಗಳ ಕಿವಿನೋವಿಗೆ ಔಷಧಿ ತರಲು ಬಂದಿದ್ದ ತಾಯಿಯೊಬ್ಬಳು, ಆಸ್ಪತ್ರೆಯಲ್ಲಿ ಕೂಸುಗಳ ವಾರ್ಡಿನ ಎದುರಿನ ಬೆಂಚಿನಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲೊಬ್ಬ ಬಾಣಂತಿ ಕುಳಿತಿದ್ದಳು. ಅವಳ ಮಗು ದಿನ ತುಂಬುವ ಮೊದಲೇ ಹುಟ್ಟಿ, ಒಳಗೆ ಗಾಜಿನ ಪೆಟ್ಟಿಗೆಯಲ್ಲಿತ್ತು. ಹಿರಿಯ ನರ್ಸ್ ಬಾಗಿಲು ತೆರೆದು ಆ ಬಾಣಂತಿಯನ್ನೇ ನೋಡಿ ಕರೆದರು.

“ಧ್ರುವನ ಅಮ್ಮ, ಬಾರಮ್ಮ, ಹಾಲು ಕೊಡೋ ಹೊತ್ತಾಯ್ತು.”

“ನನ್ನ ಮಗೂಗೆ ಇನ್ನೂ ಹೆಸರೇ ಇಟ್ಟಿಲ್ಲ ಸಿಸ್ಟರ್. ಉಳಿದ್ರೆ ಇಡೋಣ ಅಂದಿದಾರೆ ನಮ್ಮತ್ತೆ.”

“ಗೊತ್ತು ಕಣಮ್ಮ. ಹೆಸರಿಲ್ಲದೆ ಮಾತಾಡಿಸೋಕೆ ನಮಗೆ ಮನಸ್ಸು ಒಪ್ಪಲ್ಲ. ಆ ಪೆಟ್ಟಿಗೇಲಿ ಮಲಗೋ ಗಂಡುಕೂಸೆಲ್ಲ ನಮಗೆ ಧ್ರುವನೇ. ಜಾಗ ಬಿಟ್ಟು ಕದಲದ ನಕ್ಷತ್ರ ಅಂತ, ಹಿಂದೆ ಇದ್ದ ಡಾಕ್ಟರಮ್ಮ ಶುರು ಮಾಡಿದ್ದು.”

“ಅಯ್ಯೋ,” ಎಂದಳು ಬಾಣಂತಿ, “ನಮ್ಮ ಬೀದಿ ತುಂಬಾ ಧ್ರುವಂದಿರೇ! ಒಬ್ಬನ್ನ ಕೂಗಿದ್ರೆ ಊರೆಲ್ಲ ಓಡಿಬರುತ್ತೆ. ಅಕ್ಕನ ಮಗನ ಕ್ಲಾಸಲ್ಲಂತೂ ಸಣ್ಣ ಧ್ರುವ, ಅಳುಬುರುಕ ಧ್ರುವ, ಬೇಕರಿಯವರ ದಡಿಯ ಧ್ರುವ...”

ನರ್ಸ್ ನಕ್ಕರು. “ಅವರೆಲ್ಲ ಎಲ್ಲಿಂದ ಬಂದ್ರು ಅಂದ್ಕೊಂಡೆ? ಮನೆಗೆ ಹೊರಡುವಾಗ ಆ ಹೆಸರು ಬಿಟ್ಟುಹೋಗೋಕೆ ಅವರಮ್ಮಂದಿರಿಗೆ ಆಗಲಿಲ್ಲ.”

ಬಾಣಂತಿ ತೆರೆದ ಬಾಗಿಲಾಚೆ ಕಾಣುತ್ತಿದ್ದ ಗಾಜಿನ ಪೆಟ್ಟಿಗೆಯತ್ತ ಕಣ್ಣು ನೆಟ್ಟಳು.

“ಆ ದಡಿಯನೂ?”

“ಅವನು ನನ್ನ ಅಂಗೈಯಷ್ಟಿದ್ದ. ನಿನ್ನ ಮಗನಿಗಿಂತ ಚಿಕ್ಕೋನು.”

“ದೇವರೇ! ಬಾಗಿಲಲ್ಲಿ ಹಿಡಿಸಲ್ಲ ಈಗ!”

“ನಿಂದೂ ಹಾಗೇ ಆಗುತ್ತೆ ಅಂತ ನಾನು ಮಾತು ಕೊಡಲಾರೆ ಕಣಮ್ಮ.”

“ಬೇಡ ಸಿಸ್ಟರ್.” ಅವಳು ಕಣ್ಣೊರೆಸಿಕೊಂಡು ಎದ್ದಳು. “ನಾನು ಹೆಸರು ಹಿಡಿದು ಕರೆದ್ರೆ ಅವನಿಗೆ ಕೇಳಿಸುತ್ತಾ?”

“ಬಗ್ಗಿ, ಮೆಲ್ಲಗೆ ಕರಿ.”

ಇಬ್ಬರೂ ಒಳಗೆ ಹೋದರು, ಬಾಗಿಲು ಮುಚ್ಚಿತು.