ಎದ್ದು ಕೂತ ತಮ್ಮ

...ಸ್ವಲ್ಪ ಆ ಫೋನ್ ಒಳಗಿಡಿ ಅಕ್ಕಾ. ಈಗ ಮಾಡಿದ್ರೂ ನನ್ನ ತಮ್ಮ ಎತ್ತಲ್ಲ. ಅಲ್ಲಿ ಈಗ ಎಷ್ಟು ಗಂಟೆನೋ ಏನೋ, ಮಲಗಿರ್ತಾನೆ. ಮಲಗಿದ ಅಂದ್ರೆ ಕುಂಭಕರ್ಣ ಅವನು, ಕಿವಿ ಪಕ್ಕ ತಮಟೆ ಬಾರಿಸಿದ್ರೂ... ಯಾಕೆ ನಗ್ತೀರ? ನಿಜವಾಗ್ಲೂ.

ಬನ್ನಿ, ಈ ಮೆಟ್ಟಿಲ ಮೇಲೆ ಕೂತ್ಕೊಳ್ಳೋಣ. ಆ ಮಗುವಿನ ತಾಯಿ ವಾರ್ಡಿಂದ ಹೊರಗೆ ಬಂದ್ರೆ ಇಲ್ಲಿಗೇ ಕಾಣುತ್ತೆ. ಕಾಫಿ ತಗೊಳ್ಳಿ. ಮೆಶೀನ್ ಕಾಫಿ, ಬಿಸಿನೀರಿಗೆ ಬಣ್ಣ ಹಾಕಿದ್ದಾರೆ ಅಷ್ಟೆ.

ಮೊದಲನೇ ದಿನಾನೇ ಇಂಥದ್ದು ಗಂಟುಬೀಳುತ್ತೆ ಅಂತ ಯಾರಿಗೆ ಗೊತ್ತಿತ್ತು. ನಿನ್ನೆ ತಾನೇ ವಿಮಾನ ಇಳಿದಿದ್ದೀನಿ. ಈ ಊರಿನ ಭಾಷೆ ಒಂದಕ್ಷರ ಬರಲ್ಲ, ಬಸ್ಸಿನ ಬೋರ್ಡ್ ಓದೋಕೂ ಬರಲ್ಲ. ಮಿಶನ್ ಮನೆಯವರು, ಬೇಸಿಗೆ ಪೂರ್ತಿ ಆಸ್ಪತ್ರೆ ಸೇವೆ, ರೋಗಿಗಳ ಹತ್ರ ಹೋಗಿ ನಿನ್ನ ಸಾಕ್ಷಿ, ದೇವರು ನಿಮ್ಮ ಮನೇಲಿ ಮಾಡಿದ್ದನ್ನ ಹೇಳು, ಅನುವಾದಕ್ಕೆ ಕನ್ನಡದವರೇ ಒಬ್ಬರು ಇದ್ದಾರೆ ಅಂದ್ರು. ನಾನು ಯಾರೋ ಮೀಸೆ ಮಾಸ್ತರು ಬರ್ತಾರೆ ಅಂದ್ಕೊಂಡಿದ್ದೆ. ನಿಮ್ಮನ್ನ ನೋಡಿ ಜೀವ ಬಂತು ನೋಡಿ.

ರೂಮಾ? ಚೆನ್ನಾಗಿದೆ. ಜೊತೆಗೆ ಬರಬೇಕಾಗಿದ್ದ ಹುಡುಗಿಗೆ ವೀಸಾ ಸಿಗಲಿಲ್ಲವಂತೆ, ಅವಳ ಮಂಚ ಖಾಲಿ ಬಿಟ್ಟಿದ್ದಾರೆ. ಆ ಮಂಚದ ಮೇಲೆ ನನ್ನ ಪೆಟ್ಟಿಗೆ, ಬಟ್ಟೆ, ಬೈಬಲ್ಲು, ಎಲ್ಲಾ ಹರಡಿಬಿಟ್ಟೆ. ಖಾಲಿ ಹಾಸಿಗೆ ಕಂಡ್ರೆ ನಂಗಾಗಲ್ಲ ಅಕ್ಕಾ. ಯಾರೋ ಈಗ ಎದ್ದು ಕೂರ್ತಾರೆ ಅನ್ಸುತ್ತೆ. ಇವತ್ತು ವಾರ್ಡಿನಲ್ಲೂ ಹಾಗೇ... ಬಿಡಿ. ಪ್ರಯಾಣದ ಸುಸ್ತು.

ಆ ತಾಯಿ ಪಾಪ. ಮಗಳು ನೋಡಿ, ಹಾಸಿಗೇಲಿ ಇಷ್ಟೇ ಇಷ್ಟು ಕಾಣ್ತಾಳೆ. ತಲೆಯೊಳಗೆ ಗಡ್ಡೆ, ನಾಳೆ ಬೆಳಿಗ್ಗೆ ಆಪರೇಶನ್ ಆಗಲೇಬೇಕು ಅಂತ ಡಾಕ್ಟರ್ ಹೇಳಿದ್ದಾರೆ, ಆಯಮ್ಮ ಇನ್ನೂ ಹೂಂ ಅಂದಿಲ್ಲ. ನನ್ನ ತಮ್ಮನಿಗೂ ಅದೇ ಕಾಯಿಲೆ ಅಲ್ವಾ, ಅದಕ್ಕೇ ಹೇಳಿದೆ. ನಮ್ಮ ಚರ್ಚ್ ಸಭೆಯವರೆಲ್ಲ ಉಪವಾಸ ಕೂತಿದ್ದು, ಪಾಸ್ಟರ್ ಅಂಕಲ್ ಬಂದು ತಲೆ ಮೇಲೆ ಕೈಯಿಟ್ಟಿದ್ದು, ಕಣ್ಣೇ ಬಿಡದೆ ಬಿದ್ದಿದ್ದ ಹುಡುಗ ಎದ್ದು ಕೂತು "ಅಕ್ಕಾ, ಹಾಲು ಕೊಡೇ" ಅಂದಿದ್ದು. ಅಲ್ಲಿಗೆ ಎಲ್ಲರೂ ಸ್ತೋತ್ರ ಅಂತಾರೆ, ನಾನು ಕೂತ್ಕೋತೀನಿ. ಯಾವಾಗ್ಲೂ ಅಲ್ಲಿಗೇ ಮುಗಿಯೋದು.

ಅಮ್ಮನಿಗಂತೂ ಈ ಸಾಕ್ಷಿ ಅಂದ್ರೆ ಪ್ರಾಣ. ಭಾನುವಾರ ಬಂತು ಅಂದ್ರೆ, ಹೇಳು, ಇವತ್ತೂ ಹೇಳು ಅಂತ ಮೊಣಕೈಯಲ್ಲಿ ತಿವೀತಾಳೆ. ನಾನು ಹೇಳಿದಷ್ಟು ಸಲ ಅವನು ಎದ್ದು ಕೂರ್ತಾನಲ್ಲ. ಈ ಇಂಟರ್ನ್‌ಶಿಪ್ಪಿಗೆ ನನ್ನ ಆರಿಸಿದ್ದೂ ಇದನ್ನ ಕೇಳೇನೇ.

ನಮ್ಮಲ್ಲಿ ಸಾಕ್ಷಿ ಹೇಳಿದವರನ್ನ ಯಾರೂ ಪ್ರಶ್ನೆ ಕೇಳಲ್ಲ ಅಕ್ಕಾ. ಆಮೆನ್ ಅಂತಾರೆ, ಮುಂದಿನವರು ಏಳ್ತಾರೆ. ಈಯಮ್ಮ ಕೇಳಿಬಿಟ್ಟಳು. ಆ ಹುಡುಗ ಈಗ ಹೇಗಿದ್ದಾನೆ, ಫೋನಲ್ಲಿ ಅವನ ಮುಖ ಒಂದ್ಸಲ ತೋರಿಸಿ, ನೋಡಿದ್ರೆ ನಾನೂ ಮಗಳನ್ನ ಕೊಯ್ಯಿಸದೆ ಮನೆಗೆ ಕರ್ಕೊಂಡು ಹೋಗ್ತೀನಿ ಅಂತ. ನೀವು ಅದನ್ನ ಕನ್ನಡದಲ್ಲಿ ಹೇಳಿದ್ರಿ. ಆರಾಮಾಗಿದ್ದಾನೆ ಅಂದೆ. ಬಾಯಿಗೆ ಬಂತು, ಅಂದೆ. ನೀವೂ ಅವಳಿಗೆ ಹೇಳಿಬಿಟ್ರಿ.

ಮತ್ತೆ ನಂಬರ್ ಕೇಳ್ತೀರಲ್ಲ. ಇಲ್ಲ ಅಂದೆನಾ? ನಂಬರ್ ಇದೆ, ಶಾಲೆಗೆ ಹೋಗೋವಾಗ ಅಮ್ಮ ಕೊಡಿಸಿದ್ದ ಫೋನಿಂದು, ಬಾಯಿಪಾಠ ಇದೆ. ಒಂದ್ಸಲ ಸುಮ್ನೆ ಮಾಡಿದ್ದೆ. ಯಾರೋ ದೊಡ್ಡ ಗಂಡಸು ಎತ್ತಿ, ಯಾರು ಬೇಕಮ್ಮಾ ಅಂದ್ರು. ಇಟ್ಟುಬಿಟ್ಟೆ. ನಂಬರ್ ಬದಲಾಯಿಸಿರ್ತಾನೆ. ಹುಡುಗ್ರು ಹಾಗೇ ಅಲ್ವಾ, ಮನೆಯವರಿಗೆ ಹೇಳೋದೇ ಇಲ್ಲ...

ಹಾಗೆ ನೋಡ್ಬೇಡಿ ಅಕ್ಕಾ.

ಎದ್ದು ಕೂತಿದ್ದು ಸುಳ್ಳಲ್ಲ. ನಾವು ಆಣೆ ಇಡಬಾರದು, ಆದ್ರೂ ಇಡ್ತೀನಿ. ಹಾಲು ನಾನೇ ಕುಡಿಸಿದೆ. ತುಟಿ ಮೇಲೆ ಬಿಳಿ ಮೀಸೆ ಬಂದಿತ್ತು, ನೋಡೇ, ನಾನೂ ದೊಡ್ಡೋನಾದೆ ಅಂದ. ಇಡೀ ವಾರ್ಡೇ ನಕ್ಕಿತು. ಅಮ್ಮ ನರ್ಸ್ ಕೈಲಿ ಡ್ರಿಪ್ ಕೀಳಿಸಿದಳು. ವಾಸಿಯಾದವನಿಗೆ ಸೂಜಿ ಯಾಕೆ, ಇನ್ನೂ ಇಟ್ಕೊಂಡ್ರೆ ಕರ್ತರನ್ನ, ದೇವರನ್ನ ನಂಬದ ಹಾಗಾಯ್ತು ಅಂದಳು. ಡಾಕ್ಟರು ಬೇಡ ಬೇಡ ಅಂದ್ರು. ನಾವೆಲ್ಲ ಹಾಡ್ಕೊಂಡು ಅವನನ್ನ ಮನೆಗೆ... ಕಾಫಿ ಆರಿಹೋಯ್ತು ನಿಮ್ದು. ಇನ್ನೊಂದು ತರ್ಲಾ?

ಮನೆಗೆ ಹೋದ್ವಿ. ಅಷ್ಟೇ. ಪಾಸ್ಟರ್ ಅಂಕಲ್ ನಂಗೆ ಹೇಳಿಕೊಟ್ಟಿದ್ದಾರೆ, ಕರ್ತರು ಮಾಡಿದ್ದಷ್ಟು ಹೇಳು ಮಗಳೇ, ಮಿಕ್ಕಿದ್ದು ಅವರ ಚಿತ್ತ ಅಂತ. ಅದಕ್ಕೇ ನಾನು...

ಅಕ್ಕಾ, ಬಾಗಿಲು ತೆಗೀತು. ಅವಳೇ. ಕೈಲಿ ಬ್ಯಾಗು. ಮಗಳ ಬಟ್ಟೆಯೆಲ್ಲ ತುಂಬಿದ್ದಾಳೆ ನೋಡಿ, ಪುಟ್ಟ ಚಪ್ಪಲಿ ಮೇಲೇ ಇಟ್ಟಿದ್ದಾಳೆ. ಇನ್ನೂ ಮುಖಾನೇ ತೋರಿಸಿಲ್ಲ ನಾನು, ಬರೀ ಮಾತಿಗೇ ಹೊರಟಿದ್ದಾಳೆ. ನಗ್ತಾ ಬರ್ತಿದ್ದಾಳೆ ಅಕ್ಕಾ. ನಮ್ಮಮ್ಮ ಹೀಗೇ ನಗ್ತಾ...

ಏಳಿ. ಏಳಿ, ನಾನು ಹೇಳ್ತೀನಿ, ನೀವು ನನ್ನ ಹಿಂದೇನೇ ಅವಳಿಗೆ ಅವಳ ಭಾಷೇಲಿ ಹೇಳಿ. "ಅಮ್ಮಾ, ನನ್ನ ತಮ್ಮ ಎದ್ದು ಕೂತಿದ್ದು ನಿಜ."

ಹಾಂ.

"ಹಾಲು ಕುಡಿದಿದ್ದೂ ನಿಜ. ಅವತ್ತೇ ನಾವು ಆಪರೇಶನ್ ಬೇಡ ಅಂತ ಅವನನ್ನ ಮನೆಗೆ ಕರ್ಕೊಂಡು ಹೋದ್ವಿ."

ಹೇಳಿದ್ರಾ? ನಗ್ತಾನೇ ಇದ್ದಾಳೆ... ತಲೆ ಆಡಿಸ್ತಿದ್ದಾಳೆ. ನಾನೂ ಅದನ್ನೇ ಮಾಡ್ತೀನಿ ಅಂತಿದ್ದಾಳಾ? ತಡೀರಿ, ಇನ್ನೊಂದಿದೆ. ಇದನ್ನ ನಾನು ಯಾವತ್ತೂ ಯಾರಿಗೂ ಹೇಳಿಲ್ಲ. "ಬೆಳಗಾಗೋದ್ರೊಳಗೆ ಅಮ್ಮನ ಮಡಿಲಲ್ಲೇ ಅವನು..."

ಹೇಳಿ ಅಕ್ಕಾ.

ಹೇಳಿ, ನಿಮ್ಮ ಕಾಲಿಗೆ ಬೀಳ್ತೀನಿ. ಯಾಕೆ ಸುಮ್ನಾದ್ರಿ? ನಂಗೆ ಅವಳ ಭಾಷೆ ಬರಲ್ಲ, ನಾನು ಹೇಗೆ... ಅಕ್ಕಾ? ನೀವು ಅಳ್ತಾ ಇದ್ದೀರ?

ಅವಳು ನನ್ನ ನೋಡ್ತಿಲ್ಲ. ನಿಮ್ಮ ಮುಖಾನೇ ನೋಡ್ತಿದ್ದಾಳೆ. ನಗು ನಿಂತುಹೋಯ್ತು.

ಬ್ಯಾಗು ಕೆಳಗಿಟ್ಟಳು ಅಕ್ಕಾ.